ಬೇಜಾರು ಯಾರ ಮೇಲೆ?

ಶಿಷ್ಯೆ: ಸಾರ್, ಬೇಜಾರಿನ ವಿಷಯ ಸ್ವಲ್ಪ ಮಾತಾಡೋಣ ಅಂತ ಬಂದೆ.

ಮೇಷ್ಟ್ರು: ಯಾರ ಮೇಲಮ್ಮ? ನನ್ನ ಮೇಲೇನಾ? ಹೋದ ಸಲ ಬಂದಾಗ ಊಟಕ್ಕೆ ನಿಲ್ಲಿಸಿಕೊಳ್ಳಲಿಲ್ಲ ಅಂತ ತಾನೆ?

ಶಿಷ್ಯೆ: ಅಯ್ಯೋ, ಅದಲ್ಲ ಸಾರ್. ಆ ಪದದ ವಿಷಯ. ನಾನೀಗ ಫೋನಿನಲ್ಲಿ ಆಪ್ತಸಮಾಲೋಚನೆ ಮಾಡೋ ಕಡೆ ಕೆಲಸಕ್ಕೆ ಸೇರಿದ್ದೀನಲ್ಲ. ಕರೆ ಮುಗಿದ ಮೇಲೆ ಒಂದು ಫಾರಂ ತುಂಬಬೇಕು. ಮಾತಾಡಿದವರ ಮನಸ್ಥಿತಿ ಏನು ಅಂತ ಒಂದು ಕಾಲಂ. ದುಃಖ, ಸಿಟ್ಟು, ಆತಂಕ, ಖಿನ್ನತೆ, ಇತರೆ. ಒಂದಕ್ಕೆ ಗುರುತು ಹಾಕಬೇಕು. ಆದರೆ ಫೋನು ಮಾಡಿದವರಲ್ಲಿ ಹೆಚ್ಚಿನವರು ಹೇಳೋದು ಒಂದೇ ಪದ. "ಬೇಜಾರು ಮೇಡಂ." ಪರೀಕ್ಷೆಯಲ್ಲಿ ಫೇಲಾದ ಪಿಯುಸಿ ಹುಡುಗನಿಗೂ ಬೇಜಾರು, ರಿಟೈರ್ ಆಗಿ ಮನೇಲಿ ಕೂತವರಿಗೂ ಬೇಜಾರು, ಗಂಡನ ಮನೇಲಿ ಮಾತು ಕೇಳಿಸಿಕೊಂಡವಳಿಗೂ ಬೇಜಾರು. ನಾನು ಎಲ್ಲಿ ಗುರುತು ಹಾಕಲಿ?

ಮೇಷ್ಟ್ರು: ಇತರೆಗೆ ಹಾಕು. ಸರ್ಕಾರಿ ಫಾರಂಗಳಲ್ಲಿ ಮನುಷ್ಯರು ವಾಸ ಮಾಡೋದೇ ಅಲ್ಲಿ.

ಶಿಷ್ಯೆ: ತಮಾಷೆ ಬೇಡಿ ಸಾರ್. ಬೇಜಾರು ಅಂದ್ರೆ ಬೇಸರಾನೇ ತಾನೆ? ಬೇಸರ ಅನ್ನೋದು ಆಡುಮಾತಲ್ಲಿ ಕೆಟ್ಟು ಬೇಜಾರು ಆಗಿದೆ ಅಂತ ನಾನು ಅಂದುಕೊಂಡಿದ್ದೆ.

ಮೇಷ್ಟ್ರು: ಬಹಳ ಜನ ಹಾಗೇ ಅಂದುಕೊಂಡಿದ್ದಾರೆ. ಅಲ್ಲ. ಎರಡಕ್ಕೂ ಹುಟ್ಟಿನಲ್ಲಿ ಏನೂ ಸಂಬಂಧ ಇಲ್ಲ. ಬೇಸರ ನಮ್ಮದೇ. ಹಳೆಯ ರೂಪ ಬೇಸಱು. ಕೊನೇಲಿರೋದು ಶಕಟರೇಫ, ನನಗೆ ಕಲಿಸಿದ ಮೇಷ್ಟ್ರು ಬಂಡಿ ರ ಅಂತಿದ್ದರು, ಅದು. ಆ ಅಕ್ಷರ ಬರವಣಿಗೆಯಿಂದ ಹೋಗಿ ಎಷ್ಟೋ ಕಾಲ ಆಯ್ತು. ಆದರೆ ಅದರ ಗುರುತು ಇನ್ನೂ ಉಳಿದಿದೆ. ಹೆರು ಅನ್ನೋದಕ್ಕೆ ಭೂತಕಾಲ ಏನು?

ಶಿಷ್ಯೆ: ಹೆತ್ತು. ಹೆತ್ತಳು.

ಮೇಷ್ಟ್ರು: ದಂಡ ತೆರು?

ಶಿಷ್ಯೆ: ತೆತ್ತು. ಓ, ಬೇಸರು, ಬೇಸತ್ತು!

ಮೇಷ್ಟ್ರು: ಅಷ್ಟೇ. "ಬೇಸತ್ತು ಹೋಗಿದ್ದೀನಿ" ಅನ್ನುವಾಗಲೆಲ್ಲ ಆ ಬಂಡಿ ರ ಉರುಳ್ತಾ ಇರುತ್ತೆ. ಇನ್ನೊಂದು ಸಾಕ್ಷಿ ಬೇಕಾದ್ರೆ ತೆಲುಗಿನವರನ್ನ ಕೇಳು. ಅವರಲ್ಲಿ ವೇಸಾರು ಅಂದ್ರೆ ದಣಿದು ಹೋಗು, ಸಾಕಾಗು. ಅವರ ವಕಾರ ನಮ್ಮಲ್ಲಿ ಬಕಾರ ಆಗೋದು ಗೊತ್ತಲ್ಲ? ವೇರು ಬೇರು, ವಿಲ್ಲು ಬಿಲ್ಲು, ವೇಸವಿ ಬೇಸಗೆ. ಹಾಗೇ ವೇಸಾರು, ಬೇಸರು. ಇದು ಮನೆ ಮಗಳು. ಬೇಜಾರು ಮನೆಗೆ ಬಂದ ಸೊಸೆ. ಫಾರ್ಸಿಯ ಬೇಜಾರ್.

ಶಿಷ್ಯೆ: ಫಾರ್ಸಿ ನಮ್ಮ ಅಡುಗೆಮನೆವರೆಗೆ ಹೇಗೆ ಬಂತು ಸಾರ್?

ಮೇಷ್ಟ್ರು: ಕಚೇರಿ ಬಾಗಿಲಿಂದ. 1490ರಿಂದ 1686ರವರೆಗೆ ವಿಜಯಪುರದಲ್ಲಿ ಆದಿಲ್‌ಶಾಹಿ ಇತ್ತು. ಆಮೇಲೆ ಉತ್ತರಕ್ಕೆ ಮರಾಠರು, ಇಲ್ಲಿ ಹೈದರ್ ಮತ್ತು ಟಿಪ್ಪು. ಎಲ್ಲರ ದಫ್ತರದಲ್ಲೂ ಫಾರ್ಸಿ ಪದಗಳೇ. ಜಮೀನು, ಜಾಮೀನು, ಜೋರು, ಹಾಜರು, ಬಜಾರು, ಮೇಜು, ಇವೆಲ್ಲ ಹಾಗೆ ಬಂದವು. ಅವರು ಹಲ್ಲು ಕಚ್ಚಿ ಹೇಳೋ ಆ ಉಜ್ಜುವ ಸದ್ದು ನಮಗೆ ಹೊರಡಲ್ಲ, ಜಕಾರ ಮಾಡಿಕೊಂಡ್ವಿ. ಕೊನೆಗೊಂದು ಉಕಾರ ಸೇರಿಸಿದ್ವಿ. ಅಲ್ಲಿಗೆ ಕನ್ನಡ ಆಯ್ತು.

ಶಿಷ್ಯೆ: ಬೇಕಾರ್, ಬೇವಾರ್ಸಿ, ಅಲ್ಲಿರೋ "ಬೇ"ನೇ ಇದು? ಇಲ್ಲ ಅನ್ನೋ ಅರ್ಥದ್ದು?

ಮೇಷ್ಟ್ರು: ಹಾಗೆ ಬಿಡಿಸೋಕೆ ಹೋದ್ರೆ ಎಡವುತ್ತೀಯ. ವಾರಸುದಾರ ಇಲ್ಲದವನು ಬೇವಾರ್ಸಿ, ಸರಿ. ಆದರೆ ಫಾರ್ಸಿಯಲ್ಲಿ ಜಾರ್ ಅಂದ್ರೆ ಗೋಳಾಡುವವನು, ದೀನ. ನಿನ್ನ ಲೆಕ್ಕದಲ್ಲಿ ಬೇಜಾರು ಅಂದ್ರೆ ಗೋಳಿಲ್ಲದ ಸುಖಪುರುಷ ಅಂತಾಗುತ್ತೆ! ಇದು ಅಖಂಡ ಪದ, ಹಾಗೇ ಇರಲಿ ಬಿಡು. ಬೆಂಗಳೂರಿನ ಹುಡುಗರು "ಬೇಜಾನ್ ದುಡ್ಡು" ಅಂತಾರಲ್ಲ, ಅದು ಇನ್ನೂ ಮಜ. ಬೇಜಾನ್ ಅಂದ್ರೆ ಮೂಲದಲ್ಲಿ ಜೀವ ಇಲ್ಲದ್ದು. ಇಲ್ಲಿ ರಾಶಿ ರಾಶಿ ಅನ್ನೋ ಅರ್ಥ ಬಂದಿದೆ. ಪದಗಳು ಊರು ಬಿಟ್ಟ ಮೇಲೆ ಅಪ್ಪ ಅಮ್ಮನ ಮಾತು ಕೇಳಲ್ಲ.

ಶಿಷ್ಯೆ: ಬೇಜಾರು ಕೇಳಿದೆಯೋ ಇಲ್ಲವೋ?

ಮೇಷ್ಟ್ರು: ಅದೇ ನೋಡು ಸ್ವಾರಸ್ಯ. ಉರ್ದು, ಹಿಂದಿಯಲ್ಲಿ ಬೇಜಾರ್ ಅಂದ್ರೆ ಕಠಿಣ ಮಾತು. ರೋಸಿ ಹೋಗಿದ್ದೀನಿ, ಇದರ ಸಹವಾಸ ಸಾಕು, ಮುಖ ನೋಡೋಕೂ ಇಷ್ಟ ಇಲ್ಲ. ಮರಾಠಿಯಲ್ಲೂ ಬೇಜಾರ್ ಆಗೋದು ಅಂದ್ರೆ ಕಾಟ ತಾಳಲಾರದೆ ಹೈರಾಣಾಗೋದು. ಉರ್ದುವಿನವನು ನಿನ್ನಿಂದ ಬೇಜಾರ್ ಆಗಿದ್ದೀನಿ ಅಂದ್ರೆ ಸಂಬಂಧ ಅಲ್ಲಿಗೆ ಮುಗೀತು. ಕನ್ನಡದವನು ನಿನ್ನ ಮೇಲೆ ಬೇಜಾರು ಅಂದ್ರೆ?

ಶಿಷ್ಯೆ: ಬಂದು ಸಮಾಧಾನ ಮಾಡು ಅಂತ.

ಮೇಷ್ಟ್ರು: ಅವರದ್ದು "ಇಂದ", ನಮ್ಮದು "ಮೇಲೆ". ವಿಭಕ್ತಿ ಬದಲಾದದ್ದೇ ತಡ, ದೂರ ತಳ್ಳೋ ಪದ ಹತ್ತಿರ ಕರೆಯೋ ಪದ ಆಯ್ತು. ಪಕ್ಕದಲ್ಲಿ ಬೇಸರ ಅನ್ನೋ ಮೆತ್ತನೆ ಪದ ಮೊದಲೇ ಕೂತಿತ್ತಲ್ಲ, ಅದರ ಸಹವಾಸದಿಂದ ಇದೂ ಮೆತ್ತಗಾಗಿರಬೇಕು ಅಂತ ನನ್ನ ಊಹೆ. ಊಹೆ ಅಷ್ಟೇ, ಫಾರಂನಲ್ಲಿ ಬರೀಬೇಡ.

ಶಿಷ್ಯೆ: ಹಾಗಾದ್ರೆ ಈಗ ಎರಡೂ ಒಂದೇ ಆದ ಹಾಗೇ ತಾನೆ?

ಮೇಷ್ಟ್ರು: ಪೂರ್ತಿ ಅಲ್ಲ. ಬೇಸರ ಈಗ ಪತ್ರಿಕೆಗೆ ಸೇರಿದೆ. ಮಂತ್ರಿಗಳು ಬೇಸರ ವ್ಯಕ್ತಪಡಿಸ್ತಾರೆ. ಬೇಜಾರು ವ್ಯಕ್ತಪಡಿಸಿದ ಮಂತ್ರಿಯನ್ನ ನೀನು ಯಾವ ಪೇಪರಲ್ಲಾದರೂ ನೋಡಿದ್ದೀಯಾ? ವಿಷಾದ ಅಂತೂ ರೈಲ್ವೆ ಸ್ಟೇಷನ್ನಿನ ಧ್ವನಿವರ್ಧಕಕ್ಕೆ ಮೀಸಲು. ಪ್ರಯಾಣಿಕರಿಗೆ ಆದ ಅಡಚಣೆಗೆ ವಿಷಾದಿಸ್ತಾರೆ. ಮನೇಲಿ ಯಾರೂ ವಿಷಾದಿಸಿದ್ದು ನಾನು ಕಂಡಿಲ್ಲ. ಗೀತೆಯ ಮೊದಲನೇ ಅಧ್ಯಾಯ ಅರ್ಜುನವಿಷಾದಯೋಗ. ನಮ್ಮ ಹಳ್ಳಿಯ ಅಜ್ಜಿಗೆ ಕಥೆ ಹೇಳಿದ್ರೆ, "ಪಾಪ, ತನ್ನೋರನ್ನೇ ಹೊಡೀಬೇಕಲ್ಲ ಅಂತ ಬೇಜಾರಾಗಿತ್ತು" ಅಂತಾಳೆ. ನಾಲ್ಕು ಸಂಪುಟದ ವ್ಯಾಖ್ಯಾನಕ್ಕಿಂತ ಅದು ಮೇಲು.

ಶಿಷ್ಯೆ: ಯಾಕೆ?

ಮೇಷ್ಟ್ರು: "ತನ್ನೋರು" ಅನ್ನೋದನ್ನ ಸೇರಿಸಿದಳಲ್ಲ, ಅದಕ್ಕೆ. ಕಂಡಕ್ಟರು ಚಿಲ್ಲರೆ ಕೊಡದಿದ್ರೆ ಸಿಟ್ಟು ಬರುತ್ತೆ. ತಮ್ಮ ಕೊಡದಿದ್ರೆ ಬೇಜಾರಾಗುತ್ತೆ. ಕನ್ನಡದ ಬೇಜಾರಿಗೆ ಎದುರುಗಡೆ ಒಬ್ಬ ಬೇಕು, ಅವನು ನಮ್ಮವನಾಗಿರಬೇಕು. ಪರಕೀಯರ ಮೇಲೆ ಬೇಜಾರು ಮಾಡಿಕೊಳ್ಳೋಕೆ ನಮಗೆ ಅಧಿಕಾರ ಇಲ್ಲ. ಮದುವೆ ಮನೆಯಲ್ಲಿ ನೋಡು. ಪತ್ರಿಕೆಯನ್ನ ಮನೆಗೆ ಬಂದು ಅರಿಶಿನ ಕುಂಕುಮ ಕೊಟ್ಟು ಕರೀದೆ, ವಾಟ್ಸಾಪಲ್ಲಿ ಕಳಿಸಿರ್ತಾರೆ. ಚಿಕ್ಕಪ್ಪ ಬರ್ತಾರೆ. ಬರದೇ ಇರಲ್ಲ. ಮುಂದಿನ ಸಾಲಲ್ಲಿ ಕೂರದೆ ಹಿಂದೆ ಫ್ಯಾನಿನ ಕೆಳಗೆ ಕೂರ್ತಾರೆ. ಧಾರೆ ಆಗುತ್ತೆ, ಅಕ್ಷತೆ ಹಾಕ್ತಾರೆ, ಕವರು ಕೊಡ್ತಾರೆ. ಮೊದಲನೇ ಪಂಕ್ತಿ ಕೂತಾಗ "ಆಮೇಲೆ ಮಾಡ್ತೀನಿ" ಅಂತಾರೆ. ಎರಡನೇ ಪಂಕ್ತಿಗೆ ಚಪ್ಪಲಿ ಹುಡುಕೋಕೆ ಶುರು. ಅಷ್ಟು ಹೊತ್ತಿಗೆ ಹೆಣ್ಣಿನ ತಾಯಿಗೆ ಗೊತ್ತಾಗುತ್ತೆ. "ಏನೋ ಬೇಜಾರು ಮಾಡ್ಕೊಂಡಿದ್ದಾರೆ, ಹೋಗ್ರೀ" ಅಂತ ಗಂಡನ್ನ ಓಡಿಸ್ತಾಳೆ. ಇವನು ಹೋಗಿ ಕೈ ಹಿಡಿದು, ಮಾತಿಲ್ಲದೆ ಎಳಕೊಂಡು ಬಂದು ಎಲೆ ಮುಂದೆ ಕೂರಿಸ್ತಾನೆ. ಹೋಳಿಗೆಗೆ ತುಪ್ಪ ತಾನೇ ಬಡಿಸ್ತಾನೆ. ಮುಗೀತು. ಚಿಕ್ಕಪ್ಪ ದೂರು ಹೇಳಲಿಲ್ಲ, ಇವನು ಕ್ಷಮೆ ಕೇಳಲಿಲ್ಲ.

ಶಿಷ್ಯೆ: ಯಾರೂ ಹೋಗಿ ಕೈ ಹಿಡೀದೇ ಇದ್ರೆ?

ಮೇಷ್ಟ್ರು: ಆಗ ಅದು ಬೇಜಾರು ಅಲ್ಲ, ಜಗಳ. ಮುಂದಿನ ಮದುವೆಗೆ ಬರಲ್ಲ.

ಅಮ್ಮಾವ್ರು (ಮೇಷ್ಟ್ರ ಹೆಂಡತಿ): ನೀವಿಬ್ಬರೂ ಯಾವಾಗಿಂದ ಒಂದ ಶಬ್ದ ಹಿಡ್ಕೊಂಡು ಕೂತೀರಿ? ಚಾ ಆರಾಕ ಹತ್ತೈತಿ. ತಗೋ ತಂಗಿ.

ಶಿಷ್ಯೆ: ಅಮ್ಮ, ನಿಮ್ಮ ಧಾರವಾಡದ ಕಡೆ ಬೇಜಾರಿಗೆ ಏನಂತೀರಿ?

ಅಮ್ಮಾವ್ರು: ಬ್ಯಾಸರಕಿ. ಹೊತ್ತು ಹೋಗಲಿಲ್ಲಂದ್ರ ಬ್ಯಾಸರಕಿ, ಅದs ಅಡಗಿ ದಿನಾ ಮಾಡಿದ್ರ ಬ್ಯಾಸರಕಿ. ಬೇಜಾರನೂ ಅಂತೀವಿ. ಆದ್ರ ಪಂಚಮಿಗೆ ಅಣ್ಣ ಕರಿಯಾಕ ಬರಲಿಲ್ಲ ಅಂತ ತಿಳಿ, ಅದು ಬ್ಯಾಸರಕಿ ಅಲ್ಲವಾ. ಅದಕ್ಕ ಮನಸಿಗೆ ಹಚ್ಕೊಂಡಾಳ ಅಂತೀವಿ. ನಮ್ಮ ಕಡೆ ಪಂಚಮಿಗೆ ತವರಮನಿಗೆ ಹೋಗೂದು ಅಂದ್ರ ಸಣ್ಣ ಮಾತಲ್ಲ. ಉಂಡಿ ತಿನ್ನಾಕ ಹೋಗೂದಲ್ಲ ಅದು. ನನ್ನ ಕೇಳೋವ್ರು ಅಲ್ಲಿ ಇನ್ನೂ ಅದಾರ ಅಂತ ನೋಡಿ ಬರೂದು. ಅಣ್ಣ ಬರಲಿಲ್ಲಂದ್ರ ಮಂದಿ ಮುಂದ "ಹೊಲದಾಗ ಕೆಲಸ ಇತ್ತಂತ" ಅಂತ ಇಕಿನ ಸುಳ್ಳು ಹೇಳ್ತಾಳ. ಒಳಗ ಹಚ್ಕೊಂಡಿರ್ತಾಳ.

ಮೇಷ್ಟ್ರು: ನೋಡಿದೆಯಾ, "ಹಚ್ಕೊಂಡಾಳ". ಚಿಕ್ಕಪ್ಪ ಬೇಜಾರು ಮಾಡ್ಕೊಂಡ ಹಾಗೆ ಇಲ್ಲೂ "ಕೊಳ್ಳು" ಬಂತು. ನಿನ್ನ ಪ್ರಶ್ನೆಗೆ ಉತ್ತರ ಇರೋದು ಬೇಜಾರು ಅನ್ನೋ ಪದದಲ್ಲಿ ಅಲ್ಲಮ್ಮ. ಅದರ ಬಾಲದಲ್ಲಿ. ಬೇಜಾರಾಯ್ತು, ಬೇಜಾರು ಮಾಡಿದ, ಬೇಜಾರು ಮಾಡಿಕೊಂಡ. ಮೂರಕ್ಕೂ ಅಜಗಜಾಂತರ.

ಶಿಷ್ಯೆ: ಸ್ವಲ್ಪ ಬಿಡಿಸಿ ಹೇಳಿ.

ಮೇಷ್ಟ್ರು: "ನನಗೆ ಬೇಜಾರಾಯ್ತು." ಇಲ್ಲಿ ಕರ್ತೃ ಯಾರು? ಯಾರೂ ಇಲ್ಲ. ನಾನು ಅನ್ನೋದು ಚತುರ್ಥಿಯಲ್ಲಿ ಪಕ್ಕಕ್ಕೆ ನಿಂತಿದೆ. ಹಸಿವಾಯ್ತು, ನಿದ್ದೆ ಬಂತು ಅನ್ನೋ ಹಾಗೆ ಅದೂ ಆಯ್ತು. ಯಾರ ಮೇಲೂ ತಪ್ಪು ಹೊರಿಸಿಲ್ಲ. ಅದಕ್ಕೇ ಇದು ಅಷ್ಟು ಸಲೀಸು. ಸಾವಿನ ಮನೆಗೆ ಹೋದವನು "ವಿಷಯ ಕೇಳಿ ಬೇಜಾರಾಯ್ತು" ಅಂತಾನೆ, ಸೀರಿಯಲ್ ಮುಂದೆ ಕೂತವಳೂ "ಯಾಕೋ ಬೇಜಾರಾಯ್ತು, ಆಫ್ ಮಾಡು" ಅಂತಾಳೆ. ಇನ್ನು "ಅವನು ನನಗೆ ಬೇಜಾರು ಮಾಡಿದ." ಇಲ್ಲಿ ಕಟಕಟೆಯಲ್ಲಿ ಒಬ್ಬನಿದ್ದಾನೆ. ಅಪರೂಪಕ್ಕೆ ಹೇಳ್ತಾರೆ, ಹೇಳೋಕೆ ಧೈರ್ಯ ಬೇಕು. ಮೂರನೇದು ಬಹಳ ಕಿಲಾಡಿ. "ನೀನು ಬೇಜಾರು ಮಾಡಿಕೊಂಡೆ."

ಶಿಷ್ಯೆ: ಇದರಲ್ಲಿ ತಪ್ಪು ನನ್ನದೇ ಆಗಿಬಿಡುತ್ತೆ.

ಮೇಷ್ಟ್ರು: ಆಗೇ ಆಗುತ್ತೆ. ಕೊಳ್ಳು ಅಂದ್ರೆ ತಗೋ. ಅವನೇನೋ ಅಂದ, ನೀನು ತಗೊಂಡೆ. ತಗೊಳ್ಳದೇ ಇರಬಹುದಿತ್ತಲ್ಲ ಅಂತ. "ನಾನು ತಮಾಷೆಗೆ ಹೇಳಿದೆ, ನೀನು ಬೇಜಾರು ಮಾಡಿಕೊಂಡುಬಿಟ್ಟೆ" ಅನ್ನೋದನ್ನ ಎಷ್ಟು ಸಲ ಕೇಳಿಲ್ಲ? ನಾನು ಹೊಡೆದೆ, ನೀನು ನೋಯಿಸಿಕೊಂಡೆ ಅಂದ ಹಾಗೆ! ಈಗ ಹೊಸದಾಗಿ ಇನ್ನೊಂದು ಬಂದಿದೆ. "ನನ್ನ ಮಾತಿನಿಂದ ಯಾರಿಗಾದ್ರೂ ಬೇಜಾರಾಗಿದ್ರೆ ಕ್ಷಮೆ ಇರಲಿ." ಆಗಿದ್ರೆ ಅಂತೆ. ಯಾರಿಗಾದ್ರೂ ಅಂತೆ. "ಬೇಜಾರು ಮಾಡಿದೆ, ತಪ್ಪಾಯ್ತು" ಅಂದ್ರೆ ಗಂಟೇನು ಹೋಗುತ್ತೆ? ಗಂಡಸರಿಗೆ ಈ "ಮಾಡಿದೆ" ಅನ್ನೋ ಕ್ರಿಯಾಪದ ಬಾಯಿಗೆ ಬರೋದು ಕಷ್ಟ.

ಅಮ್ಮಾವ್ರು: ತಮಗ ತಾವs ಹೇಳ್ಕೊಂಡ್ರಲ್ಲ, ಛಲೋ ಆತು.

ಶಿಷ್ಯೆ: ಆದ್ರೆ ಸಾರ್, "ಬೇಜಾರು ಮಾಡ್ಕೋಬೇಡಿ" ಅನ್ನೋದು ಒಳ್ಳೇ ಮಾತಲ್ವಾ? ನಾವು ದಿನಾ ಬಳಸ್ತೀವಿ.

ಮೇಷ್ಟ್ರು: ಒಳ್ಳೇದೇ. ಆದರೆ ಆ ಮಾತು ಬಂದ ತಕ್ಷಣ ಜೇಬು ಮುಟ್ಟಿ ನೋಡಿಕೋ. "ಬೇಜಾರು ಮಾಡ್ಕೋಬೇಡಿ, ಆ ಐದು ಸಾವಿರ ಈ ತಿಂಗಳು ಆಗಲ್ಲ." "ಬೇಜಾರು ಮಾಡ್ಕೋಬೇಡಿ, ಹುಡುಗನಿಗೆ ಹುಡುಗಿ ಅಷ್ಟು ಇಷ್ಟ ಆಗಲಿಲ್ಲ." ಮುಂದೆ ಏಟು ಬೀಳುತ್ತೆ ಅನ್ನೋದಕ್ಕೆ ಮುನ್ಸೂಚನೆ ಅದು. ಆದರೂ ನಾನು ಅದರ ಪಕ್ಷಪಾತಿ. ನಿನಗೆ ಬೇಜಾರಾಗುತ್ತೆ ಅಂತ ನನಗೆ ಗೊತ್ತಿದೆ ಅನ್ನೋದನ್ನಾದ್ರೂ ಒಪ್ಪಿಕೊಂಡ ಹಾಗಾಯ್ತಲ್ಲ. ಮಂಗಳೂರು ಕಡೆಯವರು ಅದಕ್ಕೊಂದು "ಮಾರಾಯ್ರೇ" ಸೇರಿಸಿ ಇನ್ನೂ ಮೆತ್ತಗೆ ಮಾಡ್ತಾರೆ. ತುಳುವಿನಲ್ಲೂ "ಬೇಜಾರ್ ಆಂಡ್" ಅಂತಲೇ ಅನ್ನೋದು.

ಶಿಷ್ಯೆ: ನಮ್ಮ ವಯಸ್ಸಿನವರು "ಬೋರ್ ಹೊಡೀತಿದೆ" ಅಂತೀವಿ. "ಫೀಲ್ ಆಯ್ತು" ಅಂತೀವಿ. "ಅಪ್‌ಸೆಟ್" ಅಂತೀವಿ. ಬೇಜಾರಿಗೆ ಉಳಿದದ್ದೇನು?

ಮೇಷ್ಟ್ರು: ಬೋರು ಬಂದದ್ದು ಒಂದು ರೀತಿ ಒಳ್ಳೇದೇ ಆಯ್ತು. ಹೊತ್ತು ಹೋಗದ ಸಂಕಟವನ್ನ ಅದು ತಗೊಂಡಿತು, ಬೇಜಾರಿನ ಹೊರೆ ಸ್ವಲ್ಪ ಇಳೀತು. ಅದರ ಜೊತೆಗೇ "ತಲೆ ಕೊರೀತಾನೆ" ಅನ್ನೋದೂ ಬಂತು. ಇಂಗ್ಲಿಷಿನ ಬೋರಿಗೆ ಕನ್ನಡದ ಬೈರಿಗೆ! ಅಪ್‌ಸೆಟ್ ಮಾತ್ರ ನನಗೆ ಸೇರಲ್ಲ. ಹೊಟ್ಟೆಯೂ ಅಪ್‌ಸೆಟ್, ಮನಸ್ಸೂ ಅಪ್‌ಸೆಟ್. ಅದರಲ್ಲಿ ನಿನ್ನದೇನೋ ಕೆಟ್ಟಿದೆ ಅಷ್ಟೇ, ಇನ್ನೊಬ್ಬರು ಇಲ್ಲ. ಆದರೆ ದೂರು ಹೇಳೋದಾದ್ರೆ ನಾನು ಬೇಜಾರಿನ ಮೇಲೂ ಹೇಳ್ತೀನಿ. ಎಷ್ಟು ಪದಗಳನ್ನ ನುಂಗಿ ಕೂತಿದೆ ನೋಡು. ಮುನಿಸು ಈಗ ಪತ್ರಿಕೆಯವರು ಶಾಸಕರಿಗೆ ಬಳಸೋ ಪದ ಆಗಿದೆ. ಅಳಲು ಭಾಷಣಕ್ಕೆ ಹೋಯ್ತು. ಕಸಿವಿಸಿ, ಕೊರಗು, ಪೇಚಾಟ, ಒಂದೊಂದಕ್ಕೂ ಬೇರೆ ಬೇರೆ ಜಾಗ ಇತ್ತು. ಕೊರಗು ಅಂದ್ರೆ ಒಂದೇ ದಿನದ್ದಲ್ಲ, ಒಳಗೇ ಸವೆಸೋದು. ಈಗ ಎಲ್ಲಕ್ಕೂ ಬೇಜಾರು. ದುಃಖ ಅನ್ನೋದನ್ನ ಮಾತಲ್ಲಿ ಯಾರು ಅಂತಾರೆ? ಅಳು ತಡೀಲಾರದಾಗ "ದುಃಖ ಒತ್ತರಿಸಿ ಬಂತು" ಅಂತಾರೆ, ಅಷ್ಟೇ.

ಶಿಷ್ಯೆ: ನನ್ನ ತೊಂದರೆ ಅಲ್ಲೇ ಇರೋದು ಸಾರ್. ಬೇಜಾರು ಅನ್ನೋದು ಹೇಳೋಕೆ ಸುಲಭ, ನಾಚಿಕೆ ಇಲ್ಲ. ಅದರ ಹಿಂದೆ ಏನು ಬೇಕಾದರೂ ಅಡಗಿಕೊಳ್ಳಬಹುದು. ಒಂದು ತರದ ಕರೆ ಬರುತ್ತೆ. ಹೆರಿಗೆ ಆಗಿ ಎರಡು ಮೂರು ತಿಂಗಳಾದ ಹೆಂಗಸು ಅಂತ ಇಟ್ಟುಕೊಳ್ಳಿ. "ಏನಿಲ್ಲ ಮೇಡಂ, ಯಾಕೋ ಬೇಜಾರು" ಅಂತ ಶುರು ಮಾಡ್ತಾಳೆ. ಮನೇಲಿ ಎಲ್ಲರೂ ಚೆನ್ನಾಗಿ ನೋಡ್ಕೋತಾರೆ. ಯಾರೂ ಏನೂ ಅಂದಿಲ್ಲ. ಸ್ವಲ್ಪ ಹೊತ್ತಾದ ಮೇಲೆ, ಮಗು ಅತ್ತರೆ ಎತ್ತಿಕೊಳ್ಳೋಕೂ ಮನಸ್ಸು ಬರಲ್ಲ ಅಂತಾಳೆ. ಹೆರಿಗೆ ಆದ ಮೊದಲ ದಿನಗಳಲ್ಲಿ ಸುಮ್ಮಸುಮ್ಮನೆ ಅಳು ಬರೋದು ಸಹಜ. ಸಾಮಾನ್ಯವಾಗಿ ಎರಡು ವಾರದೊಳಗೆ ಹೋಗುತ್ತೆ. ಹೋಗದೇ ಉಳಿದ್ರೆ, ಹೆಚ್ಚಾದ್ರೆ, ಅದು ಬಾಣಂತಿಯ ಖಿನ್ನತೆ ಇರಬಹುದು. ಅದಕ್ಕೆ ಚಿಕಿತ್ಸೆ ಇದೆ, ವಾಸಿಯಾಗುತ್ತೆ. ಆದರೆ ಅವಳ ಅತ್ತೆಗೆ ಕೇಳಿಸಿರೋದು ಬರೀ ಬೇಜಾರು. "ಬಾಣಂತಿಗೆ ಬೇಜಾರಾಗುತ್ತೆ, ತವರಿಗೆ ಹೋಗಿ ಬಾ" ಅಂದಿರ್ತಾರೆ.

ಅಮ್ಮಾವ್ರು: ನಮ್ಮ ಕಾಲದಾಗ ಅದಕ್ಕ ದೃಷ್ಟಿ ತಗೀತಿದ್ರು.

ಮೇಷ್ಟ್ರು: ಅವಳ ವಾಕ್ಯದಲ್ಲಿ ಏನು ಇರಲಿಲ್ಲ ನೋಡಿದೆಯಾ? "ಮೇಲೆ" ಇರಲಿಲ್ಲ. ಯಾರ ಮೇಲೂ ಇಲ್ಲ, ಯಾತಕ್ಕೂ ಇಲ್ಲ. ಚಿಕ್ಕಪ್ಪನ ಬೇಜಾರಿಗೆ ವಿಳಾಸ ಇತ್ತು. ಇದಕ್ಕೆ ವಿಳಾಸವೇ ಇಲ್ಲ. ಕೈ ಹಿಡಿದು ಎಲೆ ಮುಂದೆ ಕೂರಿಸಿದ್ರೆ ಹೋಗೋ ಬೇಜಾರಲ್ಲ ಇದು.

ಶಿಷ್ಯೆ: ನಮಗೂ ತರಬೇತಿಯಲ್ಲಿ ಹೆಚ್ಚು ಕಮ್ಮಿ ಅದನ್ನೇ ಹೇಳ್ತಾರೆ, ವ್ಯಾಕರಣ ಇಲ್ಲದೆ. ಎರಡು ವಾರ ದಿನದ ಬಹುಪಾಲು ಮನಸ್ಸು ಕುಗ್ಗಿದೆಯಾ, ಮುಂಚೆ ಇಷ್ಟಪಟ್ಟು ಮಾಡ್ತಿದ್ದ ಕೆಲಸದಲ್ಲಿ ಆಸಕ್ತಿ ಹೋಗಿದೆಯಾ, ನಿದ್ದೆ ಊಟ ಹೇಗಿದೆ ಅಂತ ಕೇಳಬೇಕು. ಬದುಕೋದೇ ಬೇಡ ಅನ್ಸುತ್ತಾ ಅಂತಲೂ ನೇರವಾಗಿ ಕೇಳಬೇಕು. ಕೇಳಿದ್ರೆ ಅವರ ತಲೆಗೆ ಆ ಯೋಚನೆ ಹಾಕಿದ ಹಾಗಾಗಲ್ಲ. ಎಷ್ಟೋ ಜನ ಯಾರಾದ್ರೂ ಕೇಳಲಿ ಅಂತ ಕಾಯ್ತಿರ್ತಾರೆ.

ಮೇಷ್ಟ್ರು: ಅಲ್ಲೂ ಬಾಲ ಬದಲಾಗುತ್ತೆ, ಗಮನಿಸಿರಬಹುದು. "ಬೇಜಾರಾಯ್ತು" ಅನ್ನೋದರಲ್ಲಿ ಆಯ್ತು ಇದೆ, ಮುಗಿದ ಕೆಲಸ. "ಬೇಜಾರಾಗ್ತಿದೆ" ಅಂದ್ರೆ ನಡೀತಾ ಇದೆ. ಬರೀ "ಬೇಜಾರು" ಅಂತ ಕ್ರಿಯಾಪದವೇ ಇಲ್ಲದೆ ಹೇಳಿದ್ರೆ ಕಾಲವೇ ಇಲ್ಲ. "ಜೀವನಾನೇ ಬೇಜಾರು" ಅಂತಾರಲ್ಲ, ಅಲ್ಲಿ ನೋಡು, ಆ ಹಳೇ ಫಾರ್ಸಿ ಅರ್ಥ ಮತ್ತೆ ತಲೆ ಎತ್ತುತ್ತೆ. ಇದರ ಸಹವಾಸ ಸಾಕು ಅನ್ನೋದು. ಎಲ್ಲರೂ ಅದೇ ಅರ್ಥದಲ್ಲಿ ಹೇಳ್ತಾರೆ ಅಂತಲ್ಲ, ಟ್ರಾಫಿಕ್ಕಲ್ಲಿ ಸಿಕ್ಕಿಕೊಂಡವನೂ ಜೀವನಾನೇ ಬೇಜಾರು ಅಂತಾನೆ. ಆದರೆ ಫೋನಿನ ಆ ಕಡೆಯಿಂದ ಬಂದಾಗ ನೀನು ಎರಡನೇ ಸಲ ಕೇಳಲೇಬೇಕು.

ಶಿಷ್ಯೆ: ಹಾಗಾದ್ರೆ ಗುರುತು ಎಲ್ಲಿ ಹಾಕಲಿ ಸಾರ್?

ಮೇಷ್ಟ್ರು: ಗುರುತು ಎಲ್ಲಾದ್ರೂ ಹಾಕು, ಪಕ್ಕದಲ್ಲಿ ಅವರ ವಾಕ್ಯವನ್ನ ಪೂರ್ತಿ ಬರಿ. ಬಾಲ ಕತ್ತರಿಸಬೇಡ. "ಅತ್ತೆ ಬೇಜಾರು ಮಾಡಿದ್ರು" ಅಂದವಳನ್ನ "ಬೇಜಾರು ಮಾಡಿಕೊಂಡಿದ್ದಾಳೆ" ಅಂತ ಬರೆದ್ರೆ ನೀನು ಅತ್ತೆ ಕಡೆಗೆ ತೀರ್ಪು ಕೊಟ್ಟ ಹಾಗೆ. "ಯಾಕೋ ಬೇಜಾರು" ಅಂದವಳನ್ನ "ಬೇಜಾರಾಗಿತ್ತು" ಅಂತ ಬರೆದ್ರೆ ಕಾಯಿಲೆ ವಾಸಿಯಾಯ್ತು ಅಂತ ಬರೆದ ಹಾಗೆ. ನಿನ್ನ ಮೇಲಿನವರು ಓದೋದು ನಿನ್ನ ಬರಹವನ್ನ. ಆ ಹೆಂಗಸಿನ ದನಿ ಅವರಿಗೆ ಕೇಳಲ್ಲ.

ಶಿಷ್ಯೆ: ಫಾರಂನಲ್ಲಿ ಅಷ್ಟು ಜಾಗ ಇಲ್ಲ.

ಮೇಷ್ಟ್ರು: ಹಿಂದುಗಡೆ ಖಾಲಿ ಇರುತ್ತಲ್ಲ.

ಅಮ್ಮಾವ್ರು: ಅದಿರಲಿ ತಂಗಿ, ನಮ್ಮ ಓಣಿಯಾಗ ಒಬ್ಬಾಕಿ ಅದಾಳ. ಮೂರು ತಿಂಗಳ ಕೂಸು. ಬರೇ ಸುಮ್ಮನ ಕುಂತಿರ್ತಾಳ. ನಿಮ್ಮಂಥವರಿಗೆ ಫೋನ್ ಹಚ್ಚಬೇಕಂದ್ರ ನಂಬರ್ ಯಾವುದು?

ಶಿಷ್ಯೆ: ನಮ್ಮದೇ ಆಗಬೇಕಿಲ್ಲ ಅಮ್ಮ. ಸರ್ಕಾರದ್ದು ಒಂದಿದೆ, ಟೆಲಿ ಮಾನಸ್. 2022ರ ಅಕ್ಟೋಬರ್ 10ಕ್ಕೆ ಶುರುವಾದದ್ದು. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಅದಕ್ಕೆ ಮುಖ್ಯ ಕೇಂದ್ರ. ನಂಬರು 14416. ಹಗಲು ರಾತ್ರಿ ಯಾವಾಗ ಬೇಕಾದ್ರೂ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ. ಅವಳೇ ಮಾಡಬೇಕು ಅಂತಿಲ್ಲ, ಅವಳ ಪರವಾಗಿ ನೀವೂ ಕೇಳಬಹುದು.